ಆಟಿಸಂ, ಎಡಿಎಚ್‌ಡಿ, ಡೌನ್ ಸಿಂಡ್ರೋಮ್: ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬರುತ್ತದಾ?

2023ರ ಕೊನೆಯಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇರುವ ದೊಡ್ಡವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಸಾಧ್ಯತೆ ಸುಮಾರು ಮೂರು ಪಟ್ಟಂತೆ. 2025ರಲ್ಲಿ ಇನ್ನೊಂದು ಸುದ್ದಿ ಬಂತು. ಆಟಿಸಂ, ಅಂದರೆ ಇತರರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಿರುವ ಸ್ಥಿತಿ, ಇರುವವರಿಗೆ ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ ಕಾಯಿಲೆ ಬರುವ ಸಾಧ್ಯತೆ ನಾಲ್ಕು ಪಟ್ಟಂತೆ. ಮನೆಯಲ್ಲಿ ಇಂಥ ಮಗುವಿರುವ ಅಪ್ಪ ಅಮ್ಮನಿಗೆ ಇದನ್ನು ಓದಿದಾಗ ಎದೆ ಧಸಕ್ಕೆನ್ನುವುದು ಸಹಜ. ನಲವತ್ತು ದಾಟಿದ ಮೇಲೆ ತನಗೂ ಎಡಿಎಚ್‌ಡಿ ಇದೆ ಅಂತ ಗೊತ್ತಾದವರ ಪಾಡೂ ಅಷ್ಟೇ.

ಹೆದರಬೇಕಾ? ಕೆಲವರ ವಿಷಯದಲ್ಲಿ ಕಾಳಜಿಗೆ ಗಟ್ಟಿ ಕಾರಣ ಇದೆ. ಉಳಿದವರ ವಿಷಯದಲ್ಲಿ ತಲೆಬರಹ ಹೇಳುವಷ್ಟು ಇಲ್ಲ. ಇವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಬಾಲ್ಯದಲ್ಲಿ ಬೇರೆ ರೀತಿ ಬೆಳೆದ ಮೆದುಳಿಗೂ ಮುಪ್ಪಿನಲ್ಲಿ ಸವೆಯುವ ಮೆದುಳಿಗೂ ನಂಟು ಇದೆ ಅನ್ನುವುದು ನಿಜ. ಆದರೆ ಅದು ಒಂದೇ ನಂಟಲ್ಲ. ಕೆಲವು ಕಡೆ ಒಂದೇ ಜೀನ್ ಎರಡೂ ಕೆಲಸ ಮಾಡುತ್ತದೆ. ಕೆಲವು ಕಡೆ ನಂಟು ಬರುವುದು ನಡುವಿನ ಐವತ್ತು ವರ್ಷ ಬದುಕಿದ ರೀತಿಯಿಂದ. ಇನ್ನು ಕೆಲವು ಕಡೆ ಅದು ಲೆಕ್ಕ ಹಾಕಿದ ರೀತಿಯಿಂದ ಹುಟ್ಟಿದ್ದೂ ಇರಬಹುದು.

ಇಷ್ಟು ದಿನ ಈ ಪ್ರಶ್ನೆ ಯಾಕೆ ಏಳಲಿಲ್ಲ ಅನ್ನುವುದಕ್ಕೆ ಕಾರಣ ಸರಳ. ಮಗುವಿನ ಮೆದುಳನ್ನು ನೋಡುವ ಡಾಕ್ಟರೇ ಬೇರೆ, ಮುದುಕರ ಮೆದುಳನ್ನು ನೋಡುವ ಡಾಕ್ಟರೇ ಬೇರೆ. ಮಗುವಿನ ಫೈಲ್ ಹದಿನೆಂಟಕ್ಕೆ ಮುಚ್ಚಿಹೋಗುತ್ತದೆ. ಅರವತ್ತಕ್ಕೆ ಹೊಸ ಫೈಲ್ ತೆರೆಯುತ್ತದೆ, ಅದರಲ್ಲಿ ಬಾಲ್ಯದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇನ್ನೊಂದು ಕಾರಣ, ಹಳೆಯ ರೋಗಿಗಳೇ ಇರಲಿಲ್ಲ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಅದು ಪ್ರತ್ಯೇಕ ರೋಗನಿರ್ಣಯವಾಗಿ ಸೇರಿದ್ದು 1980ರಲ್ಲಿ. ಕ್ಯಾನರ್ ವಿವರಿಸಿದ ಮೊಟ್ಟಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್ ತೀರಿಕೊಂಡದ್ದು 2023ರಲ್ಲಿ, 89ನೇ ವಯಸ್ಸಿನಲ್ಲಿ. ಅಂದರೆ ಆಟಿಸಂ ಅಂತ ಬಾಲ್ಯದಲ್ಲೇ ಗುರುತಾದ ಪೀಳಿಗೆ ಮುಪ್ಪಿಗೆ ಕಾಲಿಡುತ್ತಿರುವುದೇ ಈಗ.

ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಬೆಳವಣಿಗೆಯ ತೊಂದರೆಯಲ್ಲಿ ನರಕೋಶಗಳು ಸಾಯುತ್ತಿರುವುದಿಲ್ಲ. ಅವು ಜೋಡಣೆಯಾದ ರೀತಿ, ಒಂದಕ್ಕೊಂದು ಸಂಪರ್ಕ ಕಟ್ಟಿಕೊಂಡ ರೀತಿ ಬೇರೆ ಇರುತ್ತದೆ. ಡಿಮೆನ್ಷಿಯಾಗೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್, ಪಾರ್ಕಿನ್ಸನ್, ಹಂಟಿಂಗ್ಟನ್‌ನಂಥ ಕಾಯಿಲೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕೋಶಗಳೇ ನಿಧಾನವಾಗಿ ಸಾಯುತ್ತವೆ. ಮೊದಲಿದ್ದ ಶಕ್ತಿ ಕಳೆದುಹೋಯಿತು ಅಂದ ತಕ್ಷಣ ಅದು ಸವೆತ ಅಂತಲೂ ಅಲ್ಲ. ರೆಟ್ ಸಿಂಡ್ರೋಮ್ ಇರುವ ಹೆಣ್ಣುಮಕ್ಕಳು ಒಂದೂವರೆ ವರ್ಷದ ಹೊತ್ತಿಗೆ ಕಲಿತ ಮಾತನ್ನೂ ಕೈಚಳಕವನ್ನೂ ಕಳೆದುಕೊಳ್ಳುತ್ತಾರೆ. ನೋಡಿದರೆ ಸವೆತದಂತೆಯೇ ಕಾಣುತ್ತದೆ. ಆದರೆ 2007ರಲ್ಲಿ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ, ಯಾವ ಜೀನ್ ಕೆಲಸ ನಿಲ್ಲಿಸಿದರೆ ಈ ಕಾಯಿಲೆ ಬರುತ್ತದೋ ಆ ಜೀನನ್ನು ಮತ್ತೆ ಚಾಲೂ ಮಾಡಿದಾಗ ಲಕ್ಷಣಗಳು ಬಹುಮಟ್ಟಿಗೆ ಹಿಂದೆ ಸರಿದವು. ಕೋಶಗಳು ಸತ್ತಿದ್ದರೆ ಹಾಗಾಗುತ್ತಿರಲಿಲ್ಲ, ಅಲ್ವಾ?

ಡೌನ್ ಸಿಂಡ್ರೋಮ್: ಅನುಮಾನವೇ ಇಲ್ಲದ ನಂಟು

ನಂಟು ಅತ್ಯಂತ ಗಟ್ಟಿಯಾಗಿ ಕಾಣುವುದು ಡೌನ್ ಸಿಂಡ್ರೋಮ್‌ನಲ್ಲಿ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದೇ ಇದಕ್ಕೆ ಕಾರಣ ಅಂತ 1959ರಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿದರು. 1984ರಲ್ಲಿ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಆಲ್ಝೈಮರ್ ರೋಗಿಗಳ ಮೆದುಳಿನ ರಕ್ತನಾಳಗಳಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದೇ ಬೀಟಾ ಅಮಿಲಾಯ್ಡ್. ಅದೇ ವರ್ಷ ಡೌನ್ ಸಿಂಡ್ರೋಮ್ ಇದ್ದವರ ಮೆದುಳಿನಲ್ಲೂ ಅವರಿಗೆ ಅದೇ ಪ್ರೋಟೀನ್ ಸಿಕ್ಕಿತು. ಹಾಗಾದರೆ ಇದರ ಜೀನ್ 21ನೇ ಕ್ರೋಮೋಸೋಮ್‌ನಲ್ಲೇ ಇರಬೇಕು ಅಂತ ಅವರು ಊಹಿಸಿದರು. 1987ರಲ್ಲಿ ಜೀನ್ ಸಿಕ್ಕಿತು, ಅವರು ಹೇಳಿದ ಜಾಗದಲ್ಲೇ. ಅದರ ಹೆಸರು ಎಪಿಪಿ.

ಇನ್ನು ಮುಂದಿನದು ಬರೀ ಪ್ರಮಾಣದ ಲೆಕ್ಕ. ಜೀನ್ ಎರಡರ ಬದಲು ಮೂರಿದ್ದರೆ ಅದರಿಂದ ತಯಾರಾಗುವ ಪ್ರೋಟೀನ್ ಹುಟ್ಟಿನಿಂದಲೇ ಜಾಸ್ತಿ. ಅದು ಒಡೆದು ಬರುವ ಅಮಿಲಾಯ್ಡ್ ಕೂಡ ಜಾಸ್ತಿ. ಅಮಿಲಾಯ್ಡ್ ಗಂಟುಗಳು ಇತರರಲ್ಲಿ ಅರವತ್ತು ಎಪ್ಪತ್ತರ ನಂತರ ಕಾಣಿಸಿದರೆ, ಇವರಲ್ಲಿ ನಲವತ್ತರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೆದುಳಿನಲ್ಲೂ ಇರುತ್ತವೆ. ಐವತ್ತರ ಆಸುಪಾಸಿನಲ್ಲಿ ಲಕ್ಷಣಗಳು ಶುರುವಾಗುತ್ತವೆ. ಬದುಕಿನ ಒಟ್ಟು ಅವಧಿಯಲ್ಲಿ ಡಿಮೆನ್ಷಿಯಾ ಬರುವ ಸಾಧ್ಯತೆ 90%ಗಿಂತ ಹೆಚ್ಚು.

ಒಂದೇ ಒಂದು ಜೀನಿಗೆ ಇಷ್ಟು ಹೊಣೆ ಹೊರಿಸಬಹುದಾ? 21ನೇ ಕ್ರೋಮೋಸೋಮ್‌ನಲ್ಲಿ ಇನ್ನೂ ಇನ್ನೂರಕ್ಕೂ ಹೆಚ್ಚು ಜೀನ್‌ಗಳಿವೆಯಲ್ಲ? ಇದಕ್ಕೆ ಉತ್ತರ ಎರಡು ದಿಕ್ಕಿನಿಂದ ಬಂತು. 1998ರಲ್ಲಿ ವರದಿಯಾದ 78 ವರ್ಷದ ಒಬ್ಬ ಮಹಿಳೆಗೆ ಡೌನ್ ಸಿಂಡ್ರೋಮ್ ಇತ್ತು, ಆದರೆ ಅವರ ಹೆಚ್ಚುವರಿ ತುಂಡಿನಲ್ಲಿ ಎಪಿಪಿ ಜೀನ್ ಇರಲಿಲ್ಲ. ಅವರಿಗೆ ಡಿಮೆನ್ಷಿಯಾ ಬರಲಿಲ್ಲ, ತೀರಿಕೊಂಡ ಮೇಲೆ ಪರೀಕ್ಷಿಸಿದ ಮೆದುಳಿನಲ್ಲಿ ಆಲ್ಝೈಮರ್‌ನ ಗುರುತುಗಳೂ ಸಿಗಲಿಲ್ಲ. ಇದರ ಉಲ್ಟಾ ಪ್ರಕರಣ 2006ರಲ್ಲಿ ಫ್ರಾನ್ಸ್‌ನ ಕೆಲವು ಕುಟುಂಬಗಳಲ್ಲಿ ಸಿಕ್ಕಿತು. ಅವರಲ್ಲಿ ಯಾರಿಗೂ ಡೌನ್ ಸಿಂಡ್ರೋಮ್ ಇರಲಿಲ್ಲ. ಎಪಿಪಿ ಇರುವ ಸಣ್ಣ ತುಂಡು ಮಾತ್ರ ಒಂದು ಹೆಚ್ಚಿಗೆ ಇತ್ತು. ಅವರಿಗೆ ನಲವತ್ತು ಐವತ್ತರಲ್ಲೇ ಆಲ್ಝೈಮರ್ ಬಂತು. ಇದಕ್ಕಿಂತ ಚೊಕ್ಕ ಸಾಕ್ಷಿ ವೈದ್ಯಶಾಸ್ತ್ರದಲ್ಲಿ ಅಪರೂಪ.

ಹಾಗಿದ್ದೂ ಇದು ದೊಡ್ಡ ಸಮಸ್ಯೆಯಾಗಿ ಕಾಣಿಸಲು ಕಾಲ ಬೇಕಾಯಿತು. ಅಮೆರಿಕದ ದಾಖಲೆಗಳ ಪ್ರಕಾರ 1983ರಲ್ಲಿ ಡೌನ್ ಸಿಂಡ್ರೋಮ್ ಇದ್ದವರು ಸಾಯುವ ಮಧ್ಯಕ ವಯಸ್ಸು, ಅಂದರೆ ತೀರಿಕೊಂಡವರಲ್ಲಿ ಅರ್ಧ ಜನ ದಾಟದ ವಯಸ್ಸು, 25 ಇತ್ತು. 1997ಕ್ಕೆ ಅದು 49 ಆಯಿತು. ಹೃದಯದ ಆಪರೇಷನ್‌ಗಳು ಸಿಕ್ಕವು, ಸಂಸ್ಥೆಗಳಲ್ಲಿ ಕೂಡಿಹಾಕುವ ಬದಲು ಮನೆಯಲ್ಲಿ ಬೆಳೆಸುವ ರೂಢಿ ಬಂತು. ಆಯಸ್ಸು ಹೆಚ್ಚಿದ ಮೇಲೆ ಐವತ್ತರಲ್ಲಿ ಕಾದಿದ್ದ ಕಾಯಿಲೆ ಎದುರಾಯಿತು.

ಮೊಮ್ಮಗನ ಕಾಯಿಲೆ, ಅಜ್ಜನ ನಡುಕ

ನನಗೆ ಈ ಇಡೀ ವಿಷಯದಲ್ಲಿ ತುಂಬ ಹಿಡಿಸಿದ ಭಾಗ ಫ್ರ್ಯಾಜೈಲ್ ಎಕ್ಸ್‌ನದು. ಇಲ್ಲಿ ಬೆಳವಣಿಗೆಯ ತೊಂದರೆ ಒಬ್ಬರಿಗೆ, ಸವೆಯುವ ಕಾಯಿಲೆ ಇನ್ನೊಬ್ಬರಿಗೆ, ಇಬ್ಬರೂ ಒಂದೇ ಮನೆಯವರು.

ಎಕ್ಸ್ ಕ್ರೋಮೋಸೋಮ್‌ನಲ್ಲಿ ಎಫ್‌ಎಂಆರ್1 ಅಂತ ಒಂದು ಜೀನ್ ಇದೆ. ಅದರ ಒಂದು ತುದಿಯಲ್ಲಿ ಸಿ, ಜಿ, ಜಿ ಅನ್ನುವ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಸುಮಾರು 30 ಸಲ. 200 ದಾಟಿದರೆ ಜೀನ್ ಮುಚ್ಚಿಕೊಳ್ಳುತ್ತದೆ, ಅದರ ಪ್ರೋಟೀನ್ ತಯಾರಾಗುವುದೇ ನಿಲ್ಲುತ್ತದೆ. ಆಗ ಮಗುವಿಗೆ ಫ್ರ್ಯಾಜೈಲ್ ಎಕ್ಸ್ ಸಿಂಡ್ರೋಮ್ ಬರುತ್ತದೆ. ಬುದ್ಧಿಯ ಬೆಳವಣಿಗೆ ನಿಧಾನ, ಜೊತೆಗೆ ಎಷ್ಟೋ ಸಲ ಆಟಿಸಂ. 55ರಿಂದ 200ರ ನಡುವೆ ಇದ್ದರೆ ಅದು ಮುನ್ನಹಂತ, ಪ್ರೀಮ್ಯುಟೇಷನ್ ಅನ್ನುತ್ತಾರೆ. ಇವರಿಗೆ ಏನೂ ಆಗುವುದಿಲ್ಲ, ಸುಮ್ನೆ ಮುಂದಿನ ಪೀಳಿಗೆಗೆ ದಾಟಿಸುವವರು ಅಂತ ಡಾಕ್ಟರುಗಳು ಬಹಳ ವರ್ಷ ನಂಬಿದ್ದರು.

ಆ ನಂಬಿಕೆಯನ್ನು ಅಲುಗಿಸಿದವರು ತಾಯಂದಿರು. ಅಮೆರಿಕದ ರ್‍ಯಾಂಡಿ ಹ್ಯಾಗರ್‌ಮನ್ ಫ್ರ್ಯಾಜೈಲ್ ಎಕ್ಸ್ ಮಕ್ಕಳನ್ನು ನೋಡುತ್ತಿದ್ದ ವೈದ್ಯೆ. ಮಕ್ಕಳನ್ನು ಕರೆತಂದ ತಾಯಂದಿರು ಮಾತಿನ ನಡುವೆ ತಮ್ಮ ಅಪ್ಪಂದಿರ ಬಗ್ಗೆ ಹೇಳುತ್ತಿದ್ದರು. ಕೈ ನಡುಗುತ್ತದೆ, ನಡೆಯುವಾಗ ಬೀಳುತ್ತಾರೆ, ಪಾರ್ಕಿನ್ಸನ್ ಇರಬಹುದು ಅಂದಿದ್ದಾರೆ. ಒಬ್ಬಿಬ್ಬರಾದರೆ ಕಾಕತಾಳೀಯ. ಇದು ಮತ್ತೆ ಮತ್ತೆ ಕೇಳಿಬಂತು. 2001ರಲ್ಲಿ ರ್‍ಯಾಂಡಿ, ಅವರ ಗಂಡ ಪಾಲ್ ಹ್ಯಾಗರ್‌ಮನ್ ಮತ್ತು ಸಹೋದ್ಯೋಗಿಗಳು ಮುನ್ನಹಂತದ ಜೀನ್ ಇದ್ದ ಐವರು ವಯಸ್ಸಾದ ಗಂಡಸರ ವಿವರ ಪ್ರಕಟಿಸಿದರು. ಇವತ್ತು ಆ ಕಾಯಿಲೆಯನ್ನು ಎಫ್‌ಎಕ್ಸ್‌ಟಾಸ್ ಅನ್ನುತ್ತಾರೆ.

ಈ ನಡುಕ ಪಾರ್ಕಿನ್ಸನ್‌ನ ನಡುಕದಂತಲ್ಲ. ಪಾರ್ಕಿನ್ಸನ್‌ನಲ್ಲಿ ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗ ನಡುಗುತ್ತದೆ, ಲೋಟ ಹಿಡಿಯಲು ಚಾಚಿದಾಗ ಕಡಿಮೆಯಾಗುತ್ತದೆ. ಎಫ್‌ಎಕ್ಸ್‌ಟಾಸ್‌ನಲ್ಲಿ ಸುಮ್ಮನೆ ಇಟ್ಟ ಕೈ ಸರಿಯಾಗಿರುತ್ತದೆ. ಲೋಟದ ಹತ್ತಿರ ಹೋದ ಹಾಗೆ ನಡುಕ ಹೆಚ್ಚುತ್ತದೆ, ನೀರು ಚೆಲ್ಲುತ್ತದೆ. ನಡೆಯುವಾಗ ಕಾಲು ಅಗಲಿಸಿ ಇಡುತ್ತಾರೆ. ಆಮೇಲೆ ಯೋಜನೆ ಮಾಡುವ, ಲೆಕ್ಕ ಇಡುವ ಶಕ್ತಿ ಕುಂದುತ್ತದೆ. ಎಂಆರ್‌ಐ ತೆಗೆದರೆ ಸೆರೆಬೆಲ್ಲಮ್ ಅನ್ನು, ಅಂದರೆ ಕಿರುಮೆದುಳನ್ನು, ಮೆದುಳಿನ ಉಳಿದ ಭಾಗಕ್ಕೆ ಜೋಡಿಸುವ ನಡುಗಂಬಗಳಲ್ಲಿ ಬಿಳಿ ಹೊಳಪು ಕಾಣುವುದುಂಟು. ಐವತ್ತು ದಾಟಿದ, ಈ ಜೀನ್ ಇರುವ ಗಂಡಸರಲ್ಲಿ ಸುಮಾರು 40% ಮಂದಿಗೆ ಇದು ಬರುತ್ತದೆ. ಹೆಂಗಸರಲ್ಲಿ ಕಡಿಮೆ, ಯಾಕೆಂದರೆ ಅವರಿಗೆ ಇನ್ನೊಂದು ಸರಿಯಾದ ಎಕ್ಸ್ ಇದೆ.

ವಿಚಿತ್ರ ಅಂದರೆ ಎರಡೂ ಕಾಯಿಲೆಗಳ ಕಾರಣ ಒಂದಕ್ಕೊಂದು ವಿರುದ್ಧ. ಮಗುವಿನಲ್ಲಿ ಜೀನ್ ಮೌನ. ಅಜ್ಜನಲ್ಲಿ ಅದೇ ಜೀನ್ ಅತಿಯಾಗಿ ಕೆಲಸ ಮಾಡುತ್ತದೆ. ಅದರ ಆರ್‌ಎನ್‌ಎ ಪ್ರತಿಗಳು ಮಾಮೂಲಿಗಿಂತ ಎರಡರಿಂದ ಎಂಟು ಪಟ್ಟು ತಯಾರಾಗುತ್ತವೆ. ಉದ್ದದ ಸಿಜಿಜಿ ಸಾಲು ಹೊತ್ತ ಆ ಆರ್‌ಎನ್‌ಎ ಕೋಶದೊಳಗಿನ ಬೇರೆ ಪ್ರೋಟೀನ್‌ಗಳನ್ನು ಹಿಡಿದುಕೊಳ್ಳುತ್ತದೆ, ಅದರಿಂದ ತಯಾರಾಗಬಾರದ ಒಂದು ಪ್ರೋಟೀನೂ ತಯಾರಾಗುತ್ತದೆ. ಕೋಶ ದಶಕಗಳ ಕಾಲ ಇದನ್ನು ತಾಳಿಕೊಂಡು, ಐವತ್ತು ಅರವತ್ತಕ್ಕೆ ಸೋಲುತ್ತದೆ.

ಅಜ್ಜನಿಂದ ಮೊಮ್ಮಗನಿಗೆ ಹೋಗುವ ದಾರಿಯೂ ನೋಡುವಂಥದ್ದು. ಅಜ್ಜ ತನ್ನ ಎಕ್ಸನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಿಗೆ ಕೊಡುವುದಿಲ್ಲ. ಮಗಳಲ್ಲೂ ಅದು ಮುನ್ನಹಂತವಾಗಿಯೇ ಉಳಿಯುತ್ತದೆ. ಅವಳಿಗೆ ನಲವತ್ತಕ್ಕೆ ಮೊದಲೇ ಮುಟ್ಟು ನಿಲ್ಲಬಹುದು, ಸುಮಾರು ಐದರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ಅವಳಿಂದ ಮಗುವಿಗೆ ದಾಟುವಾಗ ಸಿಜಿಜಿ ಸಾಲು ಹಿಗ್ಗಿ 200 ದಾಟಬಹುದು. ಹಾಗಾಗಿ ಒಂದು ಮಗುವಿಗೆ ಫ್ರ್ಯಾಜೈಲ್ ಎಕ್ಸ್ ಅಂತ ಗೊತ್ತಾದ ದಿನ ಒಳ್ಳೆಯ ಡಾಕ್ಟರ್ ಆ ಮಗುವಿನ ತಾಯಿಯ ತಂದೆಯ ಬಗ್ಗೆಯೂ ಕೇಳುತ್ತಾರೆ.

ಉಲ್ಟಾ ದಿಕ್ಕಿನಿಂದ ನೋಡಿದರೆ

ಹಂಟಿಂಗ್ಟನ್ ಕಾಯಿಲೆ ಮುಪ್ಪಿನ ಕಡೆಯಿಂದ ಬಾಲ್ಯದ ಕಡೆಗೆ ಕರೆದುಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ ಶುರುವಾಗುವ ಈ ಕಾಯಿಲೆಯಲ್ಲಿ ಕೈಕಾಲು ತನ್ನಷ್ಟಕ್ಕೆ ಕುಣಿಯುತ್ತದೆ, ಸ್ವಭಾವ ಬದಲಾಗುತ್ತದೆ, ಬುದ್ಧಿ ಕುಂದುತ್ತದೆ. ಇದನ್ನು ಶುದ್ಧ ಸವೆತ ಅಂತಲೇ ಎಲ್ಲರೂ ಎಣಿಸಿದ್ದರು. 2016ರಲ್ಲಿ ಬಂದ ಒಂದು ಇಲಿ ಪ್ರಯೋಗ ಈ ಎಣಿಕೆಯನ್ನು ಕಲಕಿತು. ಕೆಟ್ಟ ಜೀನನ್ನು ಹುಟ್ಟಿದ 21 ದಿನದವರೆಗೆ ಮಾತ್ರ ಕೆಲಸ ಮಾಡಲು ಬಿಟ್ಟು, ಆಮೇಲೆ ನಿಲ್ಲಿಸಿಬಿಟ್ಟರು. ಆದರೂ ಇಲಿಗಳು ದೊಡ್ಡವಾದ ಮೇಲೆ ಕಾಯಿಲೆಯ ಲಕ್ಷಣ ತೋರಿಸಿದವು. 2020ರಲ್ಲಿ ಫ್ರಾನ್ಸ್‌ನ ಸಾಂಡ್ರಿನ್ ಅಂಬೆರ್ ಅವರ ತಂಡ ಈ ಜೀನ್ ಹೊತ್ತ, 13 ವಾರದ ಮಾನವ ಭ್ರೂಣಗಳ ಮೆದುಳನ್ನು ಪರೀಕ್ಷಿಸಿತು. ನರಕೋಶಗಳಾಗಬೇಕಾದ ತಾಯಿಕೋಶಗಳು ವಿಭಜನೆಯಾಗುವ ಕ್ರಮ ಆಗಲೇ ಬೇರೆಯಾಗಿತ್ತು.

ಇದರ ಅರ್ಥ ಕಾಯಿಲೆ ಗರ್ಭದಲ್ಲೇ ಶುರುವಾಯಿತು ಅಂತಲ್ಲ. ಈ ಜೀನ್ ಇರುವ ಮಗು ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ದಶಕಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಮೆದುಳು ಸರಿದೂಗಿಸಿಕೊಳ್ಳುತ್ತದೆ. ಆದರೆ ಕಟ್ಟುವಾಗ ಆದ ಸಣ್ಣ ವ್ಯತ್ಯಾಸ ಮುಂದೆ ಯಾವ ಭಾಗ ಮೊದಲು ಸೋಲಬೇಕು ಅನ್ನುವುದನ್ನು ಸ್ವಲ್ಪ ಮಟ್ಟಿಗೆ ನಿರ್ಧರಿಸಬಹುದು. ಬೆಳವಣಿಗೆ ಮತ್ತು ಸವೆತ ಎರಡು ಬೇರೆ ಬೇರೆ ಅಧ್ಯಾಯ ಅನ್ನುವ ಹಳೆಯ ವಿಂಗಡಣೆ ಇಲ್ಲಿ ಸಡಿಲವಾಗುತ್ತದೆ.

ಇಂಥ ಅಪರೂಪದ ಕಾಯಿಲೆಗಳು ಇನ್ನೂ ಇವೆ. 22ನೇ ಕ್ರೋಮೋಸೋಮ್‌ನ ಒಂದು ತುಂಡು ಇಲ್ಲದೆ ಹುಟ್ಟುವವರಲ್ಲಿ ಕಲಿಕೆಯ ತೊಂದರೆ ಸಾಮಾನ್ಯ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಅನ್ನುವ ಗಂಭೀರ ಮನೋರೋಗ ಬರುತ್ತದೆ. 2013ರಲ್ಲಿ ಕೆನಡಾದ ಸಂಶೋಧಕರು ಇವರಲ್ಲಿ ಚಿಕ್ಕ ವಯಸ್ಸಿನ ಪಾರ್ಕಿನ್ಸನ್ ಕೂಡ ಹೆಚ್ಚು ಅಂತ ತೋರಿಸಿದರು. ಇಲ್ಲೊಂದು ಪೇಚಿದೆ. ಸ್ಕಿಜೋಫ್ರೇನಿಯಾಗೆ ಕೊಡುವ ಔಷಧಗಳೇ ಪಾರ್ಕಿನ್ಸನ್‌ನಂತೆ ಕೈಕಾಲು ಬಿಗಿಯುವಂತೆ ಮಾಡುತ್ತವೆ. ಹಾಗಾಗಿ ನಿಜವಾದ ಕಾಯಿಲೆಯನ್ನೂ ಔಷಧದ ಪರಿಣಾಮ ಅಂತ ತಳ್ಳಿಹಾಕಿಬಿಡುವ ಅಪಾಯ ಇದೆ. ಇನ್ನು ಡಬ್ಲ್ಯುಡಿಆರ್45 ಅನ್ನುವ ಜೀನ್ ಕೆಟ್ಟಾಗ ಮಗುವಿನ ಬೆಳವಣಿಗೆ ನಿಧಾನವಾಗಿ, ಆಮೇಲೆ ವರ್ಷಗಟ್ಟಲೆ ಹಾಗೆಯೇ ನಿಂತಿರುತ್ತದೆ. ಹದಿಹರೆಯದ ಕೊನೆಗೋ ಇಪ್ಪತ್ತು ಮೂವತ್ತರ ವಯಸ್ಸಿಗೋ ದಿಢೀರನೆ ಪಾರ್ಕಿನ್ಸನ್ ಮತ್ತು ಡಿಮೆನ್ಷಿಯಾ ಶುರುವಾಗುತ್ತದೆ. ಎಂಆರ್‌ಐನಲ್ಲಿ ಮೆದುಳಿನ ಆಳದ ಭಾಗಗಳಲ್ಲಿ ಕಬ್ಬಿಣ ಸೇರಿಕೊಂಡಿರುವುದು ಕಾಣುತ್ತದೆ. ಈ ಜೀನಿನ ಕೆಲಸ ಕೋಶದೊಳಗಿನ ಕಸ ವಿಲೇವಾರಿಗೆ ಸಂಬಂಧಿಸಿದ್ದು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಎಡಿಎಚ್‌ಡಿ ಮತ್ತು ಆಟಿಸಂ: ಇಲ್ಲಿ ನಿಧಾನವಾಗಿ ಓದಬೇಕು

ಮೇಲಿನವೆಲ್ಲ ಜೀನಿಗೆ ಬೆರಳು ಮಾಡಿ ತೋರಿಸಬಹುದಾದ ಕಾಯಿಲೆಗಳು. ಎಡಿಎಚ್‌ಡಿ ಹಾಗಲ್ಲ. ಬಹುಪಾಲು ಆಟಿಸಂ ಕೂಡ ಹಾಗಲ್ಲ. ನೂರಾರು ಜೀನ್‌ಗಳ ಚೂರುಪಾರು ಪ್ರಭಾವ ಸೇರಿ ಆಗುವಂಥವು. ಇಲ್ಲಿ ನಮ್ಮ ಕೈಯಲ್ಲಿರುವುದು ಹೆಚ್ಚಾಗಿ ಅಂಕಿಅಂಶಗಳು. ಅಂಕಿಅಂಶ ಓದುವಾಗ ಆತುರ ಪಟ್ಟರೆ ಕೆಟ್ಟೆವು.

2023ರ ಎಡಿಎಚ್‌ಡಿ ಅಧ್ಯಯನವನ್ನೇ ತೆಗೆದುಕೊಳ್ಳಿ. ಇಸ್ರೇಲ್‌ನಲ್ಲಿ 1933ರಿಂದ 1952ರ ನಡುವೆ ಹುಟ್ಟಿದ 1,09,218 ಜನರನ್ನು 2003ರಿಂದ 17 ವರ್ಷ ಗಮನಿಸಿದರು. ಅವರಲ್ಲಿ ಎಡಿಎಚ್‌ಡಿ ಅಂತ ದಾಖಲಾದವರು 730 ಮಂದಿ ಮಾತ್ರ. ಆ ಗುಂಪಿನಲ್ಲಿ 13.2% ಜನರಿಗೆ ಡಿಮೆನ್ಷಿಯಾ ಬಂತು, ಉಳಿದವರಲ್ಲಿ 7%. ಇತರ ಅಂಶಗಳನ್ನು ಹೊಂದಿಸಿ ಲೆಕ್ಕ ಹಾಕಿದಾಗ ಬಂದದ್ದು 2.77 ಪಟ್ಟು. ತಲೆಬರಹದ ಮೂರು ಪಟ್ಟು ಇದೇ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. 1940ರಲ್ಲಿ ಹುಟ್ಟಿದವರಿಗೆ ಬಾಲ್ಯದಲ್ಲಿ ಎಡಿಎಚ್‌ಡಿ ಅಂತ ಯಾರೂ ಹೇಳಿರಲಿಲ್ಲ. ಅವರಿಗೆ ಆ ಹೆಸರು ಬಂದದ್ದು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ. ಆ ವಯಸ್ಸಿನಲ್ಲಿ ಗಮನ ನಿಲ್ಲುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋಗುವವರು ಯಾರು? ಕೆಲವರು ಜೀವನಪೂರ್ತಿ ಹಾಗಿದ್ದವರು. ಇನ್ನು ಕೆಲವರಲ್ಲಿ ಅದು ಡಿಮೆನ್ಷಿಯಾದ್ದೇ ಮೊದಲ ಸುಳಿವು ಆಗಿರಬಹುದು. ಹಾಗಾದರೆ ಎಡಿಎಚ್‌ಡಿಯಿಂದ ಡಿಮೆನ್ಷಿಯಾ ಬಂತು ಅನ್ನುವ ಬದಲು, ಶುರುವಾಗುತ್ತಿದ್ದ ಡಿಮೆನ್ಷಿಯಾಗೆ ಎಡಿಎಚ್‌ಡಿ ಅಂತ ಹೆಸರಿಟ್ಟರು ಅನ್ನಬೇಕಾಗುತ್ತದೆ. ಸಂಶೋಧಕರಿಗೂ ಇದು ಹೊಳೆಯಿತು. ಅದನ್ನು ಗಮನದಲ್ಲಿಟ್ಟು ಮತ್ತೆ ಲೆಕ್ಕ ಹಾಕಿದಾಗ ನಂಟು ಸ್ವಲ್ಪ ತಗ್ಗಿತು, ಮಾಯವಾಗಲಿಲ್ಲ.

ಇನ್ನೊಂದು ಕಡೆಯಿಂದಲೂ ಇದನ್ನು ಪರೀಕ್ಷಿಸಿದ್ದಾರೆ. ಸ್ವೀಡನ್‌ನಲ್ಲಿ 2021ರಲ್ಲಿ ಬಂದ ಅಧ್ಯಯನ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದುಕೊಂಡಿತು. ಎಡಿಎಚ್‌ಡಿ ಇರುವವರ ಅಪ್ಪ ಅಮ್ಮಂದಿರಲ್ಲಿ ಆಲ್ಝೈಮರ್ ಸಾಧ್ಯತೆ 55% ಹೆಚ್ಚಿತ್ತು, ಅಜ್ಜ ಅಜ್ಜಿಯರಲ್ಲಿ 11% ಹೆಚ್ಚು. ಹತ್ತಿರದ ನೆಂಟರಲ್ಲಿ ಜಾಸ್ತಿ, ದೂರವಾದ ಹಾಗೆ ಕಡಿಮೆ. ಇದು ಜೀನ್‌ಗಳ ಪಾತ್ರದ ಸುಳಿವು. ಕುಟುಂಬಗಳು ಜೀನ್ ಜೊತೆ ಬದುಕಿನ ರೀತಿಯನ್ನೂ ಹಂಚಿಕೊಳ್ಳುತ್ತವೆ ಅನ್ನುವುದನ್ನು ಮಾತ್ರ ಮರೆಯಬಾರದು.

ಔಷಧದ ವಿಷಯಕ್ಕೆ ಬಂದರೆ ಎರಡು ಅಧ್ಯಯನಗಳು ಎದುರುಬದುರಾಗಿ ನಿಂತಿವೆ. ಇಸ್ರೇಲ್‌ನ ಅಧ್ಯಯನದಲ್ಲಿ ಎಡಿಎಚ್‌ಡಿಗೆ ಉತ್ತೇಜಕ ಔಷಧ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ ಸ್ಪಷ್ಟವಾಗಿ ಹೆಚ್ಚಿರಲಿಲ್ಲ. ಅದನ್ನು ನೋಡಿ ಔಷಧ ಕಾಪಾಡುತ್ತದೆ ಅಂದವರಿದ್ದಾರೆ. ಅಮೆರಿಕದ ಯೂಟಾ ರಾಜ್ಯದಲ್ಲಿ 2018ರಲ್ಲಿ ಬಂದ ಅಧ್ಯಯನದಲ್ಲಿ ಎಡಿಎಚ್‌ಡಿ ಇದ್ದವರಿಗೆ ಪಾರ್ಕಿನ್ಸನ್‌ನಂಥ ಕಾಯಿಲೆಗಳ ಸಾಧ್ಯತೆ 2.4 ಪಟ್ಟು ಇತ್ತು, ಉತ್ತೇಜಕ ಔಷಧ ತೆಗೆದುಕೊಂಡವರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅದನ್ನು ನೋಡಿ ಔಷಧವೇ ಕೆಡಿಸುತ್ತದೆ ಅಂದವರೂ ಇದ್ದಾರೆ. ನನಗೆ ಎರಡೂ ಆತುರದ ತೀರ್ಮಾನ ಅನಿಸುತ್ತದೆ. ಔಷಧ ಯಾರಿಗೆ ಕೊಡುತ್ತಾರೆ? ತೊಂದರೆ ಜಾಸ್ತಿ ಇದ್ದವರಿಗೆ. ಅದೇ ಎಪ್ಪತ್ತರ ವಯಸ್ಸಿನಲ್ಲಾದರೆ, ಡಾಕ್ಟರಿಗೆ ಇದು ನಿಜಕ್ಕೂ ಎಡಿಎಚ್‌ಡಿಯೇ ಅಂತ ಖಾತ್ರಿಯಾದವರಿಗೆ. ಎರಡು ಕಡೆಯೂ ಔಷಧ ಪಡೆದವರು ಪಡೆಯದವರಂಥ ಜನ ಅಲ್ಲ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಶುರು ಮಾಡಬೇಕಿಲ್ಲ, ನಿಲ್ಲಿಸಲೂಬಾರದು.

ಆಟಿಸಂ ಲೆಕ್ಕವೂ ಹೀಗೇ. 2025ರ ಸ್ವೀಡನ್ ಅಧ್ಯಯನದಲ್ಲಿ ಇತರ ಅಂಶಗಳನ್ನು ಹೊಂದಿಸಿ ಲೆಕ್ಕ ಹಾಕಿದಾಗ ನಾಲ್ಕು ಪಟ್ಟು ಅಂತ ಬಂದದ್ದು ನಿಜ. ಮೂಲ ಸಂಖ್ಯೆ ಎಷ್ಟು? ಆಟಿಸಂ ಇಲ್ಲದವರಲ್ಲಿ ಹತ್ತು ಸಾವಿರಕ್ಕೆ ಇಬ್ಬರು, ಇರುವವರಲ್ಲಿ ಐವರು. ಅಲ್ಲಿ ನೋಡಿದವರೆಲ್ಲ 1974ರ ನಂತರ ಹುಟ್ಟಿದವರು, ಯಾರಿಗೂ ಐವತ್ತು ಆಗಿರಲಿಲ್ಲ. ಅಂದರೆ ಇದು ಅಪರೂಪದ, ಚಿಕ್ಕ ವಯಸ್ಸಿನ ಪಾರ್ಕಿನ್ಸನ್ ಬಗ್ಗೆ ಮಾತ್ರ ಹೇಳುತ್ತದೆ. ಖಿನ್ನತೆ ಮತ್ತು ಅದರ ಔಷಧಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ತುಂಬ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಆಟಿಸಂ, ಪಾರ್ಕಿನ್ಸನ್ ಎರಡರಲ್ಲೂ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕದ ವ್ಯವಸ್ಥೆಯ ಕೈವಾಡ ಇರಬಹುದು ಅಂತ ಸಂಶೋಧಕರು ಅಂದುಕೊಂಡಿದ್ದಾರೆ.

ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ವಿಮೆಯ ದಾಖಲೆಗಳನ್ನು ನೋಡಿದ 2021ರ ಅಧ್ಯಯನದಲ್ಲಿ 30ರಿಂದ 64 ವಯಸ್ಸಿನ, ಆಟಿಸಂ ಇದ್ದೂ ಬುದ್ಧಿಯ ಬೆಳವಣಿಗೆಯ ತೊಂದರೆ ಇಲ್ಲದವರಲ್ಲಿ 4.04% ಮಂದಿಗೆ ಡಿಮೆನ್ಷಿಯಾ ಅಂತ ದಾಖಲಾಗಿತ್ತು. ಇವೆರಡೂ ಇಲ್ಲದವರಲ್ಲಿ 0.97%. ರಕ್ತದೊತ್ತಡ, ಖಿನ್ನತೆಯಂಥವನ್ನು ಹೊಂದಿಸಿದ ಮೇಲೆ ವ್ಯತ್ಯಾಸ ಸುಮಾರು ಎರಡು ಪಟ್ಟಿಗೆ ಇಳಿಯಿತು. ಹೀಗೆ ಇಳಿದದ್ದು ಎಲ್ಲಿಗೆ ಹೋಯಿತು ಅನ್ನುವುದೇ ಮುಖ್ಯ. ಆಟಿಸಂ ಅಥವಾ ಎಡಿಎಚ್‌ಡಿ ಇರುವವರಲ್ಲಿ ನಿದ್ರೆ ಕೆಟ್ಟಿರುತ್ತದೆ, ಖಿನ್ನತೆ ಜಾಸ್ತಿ, ಒಂಟಿತನ ಜಾಸ್ತಿ, ಎಡಿಎಚ್‌ಡಿಯಲ್ಲಿ ಸಿಗರೇಟು ಮತ್ತು ತಲೆಗೆ ಬೀಳುವ ಪೆಟ್ಟೂ ಜಾಸ್ತಿ. ಶಾಲೆ ಅರ್ಧಕ್ಕೆ ಬಿಟ್ಟವರು ಬಹಳ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ ಡಿಮೆನ್ಷಿಯಾದ 14 ತಗ್ಗಿಸಬಹುದಾದ ಕಾರಣಗಳಲ್ಲಿ ಕಡಿಮೆ ಓದು, ಖಿನ್ನತೆ, ಸಿಗರೇಟು, ತಲೆಪೆಟ್ಟು, ಒಂಟಿತನ ಎಲ್ಲವೂ ಇವೆ. ಅಂದರೆ ನಂಟಿನ ಒಂದು ಪಾಲು ಮೆದುಳಿನೊಳಗೆ ಇಲ್ಲ, ಹೊರಗೆ ಇದೆ.

ಒಳಗೆ ನಡೆಯುವುದೇನು?

ಹುಟ್ಟಿದ ಮಗುವಿನ ಮೆದುಳು ಮೊದಲ ಕೆಲವು ವರ್ಷ ಬೇಕಾದ್ದಕ್ಕಿಂತ ಹೆಚ್ಚು ಸಂಪರ್ಕಗಳನ್ನು ಕಟ್ಟುತ್ತದೆ. ಆಮೇಲೆ ಬೇಡದ್ದನ್ನು ತೆಗೆಯುತ್ತಾ ಹೋಗುತ್ತದೆ, ಒತ್ತಾಗಿ ಹುಟ್ಟಿದ ಸಸಿಗಳನ್ನು ಕಿತ್ತು ವಿರಳ ಮಾಡುವ ಹಾಗೆ. ಈ ಕೆಲಸ ಮಾಡುವವು ಮೈಕ್ರೋಗ್ಲಿಯಾ ಅನ್ನುವ ಕೋಶಗಳು. ಮೆದುಳಿನ ಕಾವಲುಗಾರರೂ ಅವೇ, ಕಸ ತೆಗೆಯುವವರೂ ಅವೇ. ಯಾವ ಸಂಪರ್ಕ ತೆಗೆಯಬೇಕು ಅಂತ ಗುರುತು ಹಾಕುವುದು ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು. ಬೆಥ್ ಸ್ಟೀವನ್ಸ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಇದನ್ನು ಬೆಳೆಯುವ ಮೆದುಳಿನಲ್ಲಿ ತೋರಿಸಿದರು. 2016ರಲ್ಲಿ ಅವರದೇ ತಂಡ ಆಲ್ಝೈಮರ್‌ನ ಇಲಿಗಳಲ್ಲಿ ಅದೇ ಗುರುತು, ಅದೇ ಕೋಶ ಮತ್ತೆ ಎಚ್ಚರಗೊಂಡು ಬೇಕಾದ ಸಂಪರ್ಕಗಳನ್ನೇ ತಿನ್ನುವುದನ್ನು ಕಂಡಿತು. ಅಮಿಲಾಯ್ಡ್ ಗಂಟು ಕಟ್ಟುವುದಕ್ಕೂ ಮೊದಲೇ.

ಆಟಿಸಂನಲ್ಲಿ ಆಗುವುದು ಬಹುಶಃ ಇದರ ಇನ್ನೊಂದು ಮುಖ. ತೀರಿಕೊಂಡ ಮಕ್ಕಳ ಮೆದುಳುಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ಬಾಲ್ಯದ ಕೊನೆಯ ಹೊತ್ತಿಗೆ ಇತರ ಮಕ್ಕಳಲ್ಲಿ, ನರಕೋಶಗಳು ಸಂಪರ್ಕ ಪಡೆಯುವ ಮುಳ್ಳಿನಂಥ ಚಿಕ್ಕ ಚಾಚುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಆಟಿಸಂ ಇದ್ದವರಲ್ಲಿ ಇಳಿದದ್ದು 16% ಮಾತ್ರ. ಕಾರಣ, ಎಂಟಾರ್ ಅನ್ನುವ ಪ್ರೋಟೀನ್ ಅತಿಯಾಗಿ ಕೆಲಸ ಮಾಡಿ ಕೋಶದೊಳಗಿನ ಕಸ ವಿಲೇವಾರಿಯನ್ನು ತಡೆಹಿಡಿದಿತ್ತು. ಈ ವಿಲೇವಾರಿಯೇ ಆಟೋಫೇಜಿ. ಆಲ್ಝೈಮರ್, ಪಾರ್ಕಿನ್ಸನ್, ಹಂಟಿಂಗ್ಟನ್ ಮೂರರಲ್ಲೂ ಕೋಶದೊಳಗೋ ಹೊರಗೋ ಪ್ರೋಟೀನ್ ಕಸ ಜಮೆಯಾಗುತ್ತದೆ. ಡಬ್ಲ್ಯುಡಿಆರ್45 ಜೀನಿನ ಕಥೆಯೂ ಇದೇ. ಬಾಲ್ಯದಲ್ಲಿ ಸಂಪರ್ಕ ತೆಳುವಾಗಿಸುವ ವ್ಯವಸ್ಥೆ ಮತ್ತು ಮುಪ್ಪಿನಲ್ಲಿ ಮೆದುಳನ್ನು ಚೊಕ್ಕಟವಾಗಿ ಇಡುವ ವ್ಯವಸ್ಥೆ ಬಹಳ ಮಟ್ಟಿಗೆ ಒಂದೇ. ಆದರೆ ಆಟಿಸಂ ಇರುವ ಒಬ್ಬ ವ್ಯಕ್ತಿಗೆ ಇದರಿಂದಲೇ ಮುಂದೆ ಡಿಮೆನ್ಷಿಯಾ ಬಂತು ಅಂತ ಯಾರೂ ತೋರಿಸಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರ ಮೇಲೆ ಹೊರಿಸಿ ಬರೆಯುವ ಲೇಖನಗಳನ್ನು ನೋಡಿದಾಗ ನನಗೆ ಕಿರಿಕಿರಿಯಾಗುತ್ತದೆ.

ದುರ್ಬಲ ಜಾಗ ಅನ್ನುವ ಇನ್ನೊಂದು ವಿವರಣೆಯೂ ಇದೆ. ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ ಅನ್ನುವ ಸವೆಯುವ ಕಾಯಿಲೆಯಲ್ಲಿ ನೆನಪಿಗಿಂತ ಮೊದಲು ಮಾತು ಹೋಗುತ್ತದೆ. ಪದ ಸಿಗುವುದಿಲ್ಲ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. 2008ರಲ್ಲಿ ಅಮೆರಿಕದ ಸಂಶೋಧಕರು ಈ ರೋಗಿಗಳ ಬಾಲ್ಯವನ್ನು ಕೆದಕಿದಾಗ ಓದು ಬರಹದ ತೊಂದರೆ ಅವರಲ್ಲೂ ಅವರ ಹತ್ತಿರದ ರಕ್ತಸಂಬಂಧಿಗಳಲ್ಲೂ ಹೆಚ್ಚಾಗಿ ಕಂಡಿತು. ಬಾಲ್ಯದಲ್ಲಿ ಕಷ್ಟಪಟ್ಟ ಜಾಲವೇ ಮುಪ್ಪಿನಲ್ಲಿ ಮೊದಲು ಸೋತಿದೆ. ಹಾಗಂತ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಂದರೆ, ಇರುವವರು ಗಾಬರಿಯಾಗಬೇಕಿಲ್ಲ. ಡಿಸ್ಲೆಕ್ಸಿಯಾ ತುಂಬ ಸಾಮಾನ್ಯ, ಈ ಅಫೇಸಿಯಾ ತುಂಬ ಅಪರೂಪ. ಕಾಯಿಲೆ ಬರುತ್ತದಾ ಅನ್ನುವುದಕ್ಕಿಂತ, ಬಂದರೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಇದು ಹೇಳುತ್ತದೆ.

ಗುರುತಿಸುವುದು ಹೇಗೆ?

ಮಾಮೂಲಿ ಮರೆವಿನ ಪರೀಕ್ಷೆಗಳು ಇಲ್ಲಿ ಕೈಕೊಡುತ್ತವೆ. ಇವತ್ತು ಯಾವ ದಿನ, ನೂರರಿಂದ ಏಳು ಕಳೆಯುತ್ತಾ ಹೋಗಿ ಅನ್ನುವ ಪ್ರಶ್ನೆಗಳಿಗೆ ಡೌನ್ ಸಿಂಡ್ರೋಮ್ ಇರುವವರಲ್ಲಿ ಎಷ್ಟೋ ಜನ ಇಪ್ಪತ್ತರ ವಯಸ್ಸಿನಲ್ಲೂ ಉತ್ತರಿಸಿರಲಿಕ್ಕಿಲ್ಲ. ಎಡಿಎಚ್‌ಡಿ ಇರುವವರು ಡಾಕ್ಟರ್ ಹೇಳಿದ ಮೂರು ಪದ ಮರೆತರೆ ಅದು ಕೇಳಿಸಿಕೊಳ್ಳದ ಮರೆವು, ಅಳಿಸಿಹೋದ ಮರೆವಲ್ಲ. ಆಟಿಸಂ ಇರುವವರ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ರೂಢಿ ಡಿಮೆನ್ಷಿಯಾದಂತೆ ಕಾಣಬಹುದು. ಹಾಗಾಗಿ ಇವರನ್ನು ಬೇರೆಯವರ ಅಂಕದ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಅವರದೇ ಹಿಂದಿನ ಸ್ಥಿತಿಯ ಜೊತೆ ಹೋಲಿಸಬೇಕು.

ಅದಕ್ಕೆ ಹಿಂದಿನ ಸ್ಥಿತಿ ಎಲ್ಲೋ ಬರೆದಿಟ್ಟಿರಬೇಕು. ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತರಿಂದ ಪ್ರತಿ ವರ್ಷ ಇಂಥ ಪರಿಶೀಲನೆ ಮಾಡಿ ಅನ್ನುತ್ತಾರೆ ತಜ್ಞರು. ಅದಕ್ಕಿಂತ ಮೊದಲೇ, ಚೆನ್ನಾಗಿರುವಾಗಲೇ ಒಂದು ಚಿತ್ರ ಸಿದ್ಧವಿದ್ದರೆ ಒಳ್ಳೆಯದು. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾರಾ, ಮನೆಯಲ್ಲಿ ಯಾರ ಯಾರ ಹೆಸರು ಹೇಳುತ್ತಾರೆ, ಮೆಟ್ಟಿಲು ಹೇಗೆ ಇಳಿಯುತ್ತಾರೆ, ಇಷ್ಟದ ಆಟ ಎಷ್ಟು ಹೊತ್ತು ಆಡುತ್ತಾರೆ. ಮೊಬೈಲ್‌ನಲ್ಲಿ ತೆಗೆದ ಐದು ನಿಮಿಷದ ವಿಡಿಯೋ ಹತ್ತು ವರ್ಷದ ನಂತರ ಡಾಕ್ಟರಿಗೆ ಯಾವ ಪರೀಕ್ಷೆಗಿಂತಲೂ ಹೆಚ್ಚು ಹೇಳುತ್ತದೆ. ಇವರಲ್ಲಿ ಮೊದಲು ಕಾಣುವುದು ಮರೆವು ಆಗಿರದೆ ಇರಬಹುದು. ಹಟ, ಮಂಕು, ಇಷ್ಟದ ಕೆಲಸದಲ್ಲಿ ಆಸಕ್ತಿ ಹೋಗುವುದು, ಹಿಂದೆಂದೂ ಇಲ್ಲದ ಮೂರ್ಛೆ ಇವೂ ಸುಳಿವುಗಳು.

ಆದರೆ ಬದಲಾವಣೆ ಕಂಡ ತಕ್ಷಣ ಡಿಮೆನ್ಷಿಯಾ ಅಂತ ತೀರ್ಮಾನಿಸುವುದು ಇನ್ನೊಂದು ತಪ್ಪು. ಡೌನ್ ಸಿಂಡ್ರೋಮ್‌ನಲ್ಲಿ ಥೈರಾಯ್ಡ್ ಕಡಿಮೆಯಾಗುವುದು, ಕಿವಿ ಮಂದವಾಗುವುದು, ಕಣ್ಣಿಗೆ ಪೊರೆ ಬರುವುದು, ನಿದ್ರೆಯಲ್ಲಿ ಉಸಿರು ಕಟ್ಟುವುದು ಎಲ್ಲ ಸಾಮಾನ್ಯ. ಇವೆಲ್ಲ ಡಿಮೆನ್ಷಿಯಾ ವೇಷ ಹಾಕುತ್ತವೆ, ಇವೆಲ್ಲಕ್ಕೂ ಚಿಕಿತ್ಸೆ ಇದೆ. ಇದನ್ನೆಲ್ಲ ನೋಡದೆ, ಡೌನ್ ಅಲ್ವಾ, ಐವತ್ತಾಯಿತಲ್ಲ ಅಂತ ಕೈಚೆಲ್ಲುವ ಡಾಕ್ಟರನ್ನು ಬದಲಾಯಿಸುವುದೇ ವಾಸಿ.

ಇಷ್ಟೆಲ್ಲ ಗೊತ್ತಿದ್ದರೂ ಔಷಧ ಪ್ರಯೋಗಗಳಲ್ಲಿ ಇವರಿಗೆ ಜಾಗ ಸಿಕ್ಕಿದ್ದು ಕಡಿಮೆ. ಆಲ್ಝೈಮರ್‌ನಲ್ಲಿ ಬಳಸುವ ಮೆಮಾಂಟಿನ್ ಅನ್ನು ಡೌನ್ ಸಿಂಡ್ರೋಮ್ ಇರುವ, ನಲವತ್ತು ದಾಟಿದವರಲ್ಲಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಕೊಟ್ಟರು. ಉಪಯೋಗವಾಗಲಿಲ್ಲ. ಅಮಿಲಾಯ್ಡ್ ತೆಗೆಯುವ ಹೊಸ ಔಷಧ ಲೆಕಾನೆಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮುಖ್ಯ ಪ್ರಯೋಗದಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿರಲಿಲ್ಲ. ಅಮಿಲಾಯ್ಡ್ ಖಂಡಿತ ಬರುತ್ತದೆ ಅಂತ ದಶಕಗಳ ಮೊದಲೇ ಗೊತ್ತಿರುವ ಜನರೇ ಅದನ್ನು ತೆಗೆಯುವ ಔಷಧದ ಪ್ರಯೋಗದಿಂದ ಹೊರಗೆ. ಇದಕ್ಕೊಂದು ನಿಜವಾದ ಕಾರಣವೂ ಇದೆ. ಈ ಔಷಧಗಳಿಂದ ಕೆಲವರಿಗೆ ಮೆದುಳಿನಲ್ಲಿ ಊತ ಮತ್ತು ಸಣ್ಣ ರಕ್ತಸ್ರಾವ ಆಗುತ್ತದೆ. ರಕ್ತನಾಳಗಳ ಗೋಡೆಯಲ್ಲಿ ಅಮಿಲಾಯ್ಡ್ ಇದ್ದಷ್ಟೂ ಈ ಅಪಾಯ ಜಾಸ್ತಿ, ಡೌನ್ ಸಿಂಡ್ರೋಮ್‌ನಲ್ಲಿ ಅದು ಹೆಚ್ಚಾಗಿಯೇ ಇರುತ್ತದೆ. ಈಗ ಅಮಿಲಾಯ್ಡ್ ವಿರುದ್ಧದ ಲಸಿಕೆಯೊಂದರ ಪ್ರಯೋಗದಲ್ಲಿ ಇವರನ್ನೂ ಸೇರಿಸಿಕೊಂಡಿದ್ದಾರೆ. ಎಷ್ಟು ಪ್ರಮಾಣ ಸುರಕ್ಷಿತ, ಯಾವ ವಯಸ್ಸಿನಲ್ಲಿ ಶುರು ಮಾಡಬೇಕು ಅನ್ನುವುದು ಇಂಥ ಪ್ರಯೋಗಗಳಿಂದಲೇ ಗೊತ್ತಾಗಬೇಕು. ಅಲ್ಲಿಯವರೆಗೆ, ಇತರರಿಗೆ ಒಪ್ಪಿಗೆಯಾಗಿದೆ ಅನ್ನುವ ಕಾರಣಕ್ಕೆ ಈ ಔಷಧವನ್ನು ಇವರಿಗೆ ಪ್ರಯೋಗದ ಹೊರಗೆ ಕೊಡಿಸಲು ಹೋಗಬಾರದು.